ವೀಸಾ ಫೋಟೊಗೆ ನಗಬಾರದಂತೆ!

ಗೆಳೆಯರೇ, ನಗದೇ ಕೂರುವುದು ಇಷ್ಟು ಕಷ್ಟ ಎಂದು ಇವತ್ತೇ ಗೊತ್ತಾಯಿತು. ನಲವತ್ತಾರನೇ ವಯಸ್ಸಿನಲ್ಲಿ ನನಗೆ ಐರ್ಲೆಂಡಿನಲ್ಲಿ ಒಂದು ವರ್ಷ ಓದಲು ಸೀಟು ಸಿಕ್ಕಿದೆ. ವೀಸಾ ಅರ್ಜಿಯ ಫೋಟೊಗೆಂದು ಕುಪ್ಪಗಡ್ಡೆಯಿಂದ ಅತ್ತೆಯನ್ನೂ ಕರೆದುಕೊಂಡು ಶಿಕಾರಿಪುರದ ಸ್ಟುಡಿಯೊಗೆ ಹೋಗಿದ್ದೆ.

“ಹಲ್ಲು ಕಾಣಂಗಿಲ್ರೀ ಮೇಡಂ,” ಎಂದ ಫೋಟೊಗ್ರಾಫರ್. ಅಷ್ಟಕ್ಕೇ ನಗು ಉಕ್ಕಿತು. ಹನ್ನೊಂದು ಸಲ ತೆಗೆದ, ಹನ್ನೊಂದರಲ್ಲೂ ಹಲ್ಲು.

“ನಾ ಬೈದಿದ್ದು ಯಾವ್ದಾದ್ರೂ ನೆನಪ್ ಮಾಡ್ಕಳೆ ಮಾರಾಯ್ತಿ,” ಎಂದರು ಅತ್ತೆ. ನೆನಪಾಗಿ ಇನ್ನೂ ಜೋರಾಗಿ ನಕ್ಕೆ. ಅವರೂ ನಕ್ಕರು.

ಕೊನೆಗೆ ಅವನು ಮೆಲ್ಲಗೆ ಕೇಳಿದ: “ವೀಸಾ ಸಿಗ್ಲಿಲ್ಲ ಅಂದ್ರ ಏನ್ ಮಾಡ್ತೀರಿ?”

ನನ್ನ ಬಾಯಿ ತಾನಾಗಿ ಮುಚ್ಚಿತು. ಕ್ಲಿಕ್!

ಫೋಟೊ ನಿಯಮದ ಪ್ರಕಾರವೇ ಬಂದಿದೆ. ಅಲ್ಲಿ ನಗುತ್ತಾ ವಿಮಾನ ಇಳಿದಾಗ, ‘ಇದು ನೀವಲ್ಲ’ ಎಂದು ವಾಪಸ್ ಕಳಿಸದಿದ್ದರೆ ಸಾಕು.