ಗಾಜಿನ ದೋಸೆ

ಮೊನ್ನೆ ಬಚ್ಚಲಲ್ಲಿ ಜಾರಿ ಮೊಣಕಾಲು ತರಚಿಕೊಂಡೆ. ನರ್ಸಮ್ಮ ಹತ್ತಿಯನ್ನು ಅಯೋಡಿನ್ನಿನಲ್ಲಿ ಅದ್ದಿ ಒತ್ತಿ, "ಉರೀತದಾ ಅಜ್ಜಾರೇ?" ಎಂದರು. ನಾನು ನಗುತ್ತಿದ್ದೆ. ಉರಿಯಬೇಕಾದಲ್ಲಿ ನಗುವ ಮುದುಕನನ್ನು ಕಂಡು ಆಕೆ ತಲೆಗೂ ಪೆಟ್ಟಾಗಿದೆಯೋ ಎಂದು ತಡವಿ ನೋಡಿದರು. ಅವರ ತಪ್ಪಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಗಾಯ ನೆನಪಾಗುವುದಿಲ್ಲ; ಸೊರಬದಲ್ಲಿದ್ದ ನಮ್ಮ ದೊಡ್ಡಪ್ಪನ ಮನೆಯ ಜಗಲಿ ನೆನಪಾಗುತ್ತದೆ.

ಎಪ್ಪತ್ತರ ದಶಕದ ಒಂದು ಭಾನುವಾರ. ಜಗಲಿಯ ಮೇಲೆ ಐದು ಜನ. ಊರಿನ ನ್ಯಾಯವೆಲ್ಲ ತನ್ನ ಬಾಯಿಂದಲೇ ಹೊರಬೀಳಬೇಕೆಂದು ನಂಬಿದ್ದ ದೊಡ್ಡಪ್ಪ ಕಂಬಕ್ಕೆ ಒರಗಿದ್ದರು. ಬಾಗಿಲಿನ ಈ ಪಕ್ಕ ದೊಡ್ಡಮ್ಮ, ಆ ಪಕ್ಕ ದೊಡ್ಡಪ್ಪನ ತಂಗಿ, ನಮ್ಮ ಅತ್ತೆ. ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸುತ್ತಿದ್ದರು, ಆದರೆ ಮೂರು ತಿಂಗಳಿಂದ ಮಾತು ಬಿಟ್ಟಿದ್ದರು. ಮೆಟ್ಟಿಲ ಹತ್ತಿರ, ಕೂರಿ ಎಂದರೂ ಕೂರದೆ, ಶಿಕಾರಿಪುರದಲ್ಲಿ ಎಣ್ಣೆಯ ಗಾಣ ನಡೆಸುತ್ತಿದ್ದ ಬಾಷಾ ಸಾಬರು. ನಡುವೆ, ಗಾಜಿನ ಉಪ್ಪಿನಕಾಯಿ ಜಾಡಿಯೊಂದನ್ನು ಮುಂದಿಟ್ಟುಕೊಂಡು ಪೂಜೆಗೆ ಕೂತ ಪುರೋಹಿತನಂತೆ ನಾನು.

ಇಷ್ಟು ಜನ ಯಾಕೆ ಸೇರಿದ್ದರು ಎಂದರೆ, ಅದಕ್ಕೆ ಎರಡು ವಾರ ಹಿಂದೆ ಹೋಗಬೇಕು. ದೊಡ್ಡಪ್ಪನ ಮಗಳ ನಿಶ್ಚಿತಾರ್ಥ. ಗಂಡಿನವರು ಬಳ್ಳಿಗಾವಿ ಕಡೆಯವರು. ತೊಗರಿಬೇಳೆ ಹೋಳಿಗೆ, ಬೇಳೆ ಬಸಿದ ಕಟ್ಟಿನ ಸಾರು, ಬಾಷಾ ಸಾಬರ ಗಾಣದ ಶೇಂಗಾ ಎಣ್ಣೆಯಲ್ಲಿ ಕರಿದ ಬೋಂಡ. ಸಾರಿನ ಮೇಲೆ ತೇಲುತ್ತಿದ್ದ ಎಣ್ಣೆಯನ್ನು ನೋಡಿ ಬೀಗರು, "ಒಗ್ಗರಣೆ ಅಂದ್ರೆ ಹಿಂಗಿರ್ಬೇಕು" ಎಂದು ಮೂರು ಸಲ ಬಡಿಸಿಕೊಂಡರು. ನಾನು ನಾಲ್ಕು ಸಲ.

ಸಂಜೆಯ ಬಸ್ಸಿನಲ್ಲಿ ಬೀಗರೂ ನಾನೂ ಒಟ್ಟಿಗೇ ಹೊರಟೆವು. ಸೊರಬ ದಾಟಿ ಎರಡು ಮೈಲಿ ಹೋಗಿಲ್ಲ, ಹುಡುಗನ ಸೋದರಮಾವ ಎದ್ದು ನಿಂತು ಗಂಟೆಯ ಹಗ್ಗವನ್ನು ತಾವೇ ಜಗ್ಗಿದರು. ಆಮೇಲೆ ಬಸ್ಸು ಎಲ್ಲೆಲ್ಲಿ ನಿಂತಿತು ಎಂದು ಹೇಳುವುದು ಕಷ್ಟ. ಪೊದೆ ದಟ್ಟವಾಗಿದ್ದಲ್ಲೆಲ್ಲ ನಿಂತಿತು. "ಸ್ವಾಮೀ, ಇದು ಬಸ್ಸು, ದಿಬ್ಬಣದ ಗಾಡಿ ಅಲ್ರೀ. ಇಳಿದೋರು ಹತ್ತೋ ಮೊದ್ಲು ಹತ್ತಿದೋರು ಇಳಿದ್ರೆ ನಾ ಟಿಕೀಟು ಯಾರಿಗೆ ಕೊಡ್ಲಿ?" ಎಂದು ಕಂಡಕ್ಟರು ಕೈಮುಗಿದ. ಅವನ ಮಾತು ಮುಗಿಯುವ ಮೊದಲೇ ಇನ್ನಿಬ್ಬರು ಇಳಿದರು.

ನಾನಾಗ ಶಿಕಾರಿಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಹೊಸ ಮೇಷ್ಟ್ರು. ಹೊಸ ಮೇಷ್ಟ್ರಿಗೂ ಹೊಸ ಚಪ್ಪಲಿಗೂ ಸುಮ್ಮನಿರಲು ಬರುವುದಿಲ್ಲ. ಪೊದೆಯೊಂದರ ಹಿಂದಿನಿಂದಲೇ, ಪಕ್ಕದ ಪೊದೆಗೆ ಕೇಳಿಸುವಂತೆ, "ಎಣ್ಣೆಗೆ ಹರಳೆಣ್ಣೆ ಬೆರೆಸಿರಬೇಕು" ಎಂದುಬಿಟ್ಟೆ. ಬಾಷಾ ಸಾಬರ ಗಾಣದಲ್ಲಿ ಶೇಂಗಾ ಎಣ್ಣೆಯನ್ನೂ ತೆಗೆಯುತ್ತಿದ್ದರು, ಹರಳೆಣ್ಣೆಯನ್ನೂ ತೆಗೆಯುತ್ತಿದ್ದರು, ಅಷ್ಟು ಸಾಕಾಯಿತು. ನನ್ನ ಮಾತು ನನಗಿಂತ ಮೊದಲೇ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಿತು. ದೊಡ್ಡಪ್ಪ ಸೊರಬದಲ್ಲಿ ಅದಕ್ಕೆ ಠಸ್ಸೆ ಒತ್ತಿದರು.

ಹತ್ತು ದಿನದ ಮೇಲೆ ಬಾಷಾ ಸಾಬರು ನಮ್ಮ ಪ್ರಯೋಗಶಾಲೆಯ ಬಾಗಿಲಲ್ಲಿ ಬಂದು ನಿಂತರು.

"ಮೇಷ್ಟ್ರೇ, ನಮ್ಮಪ್ಪನ ಕಾಲದಿಂದ ಈ ಊರಿನ ದೀಪಕ್ಕೂ ನಮ್ದೇ ಎಣ್ಣಿ, ಒಗ್ಗರಣಿಗೂ ನಮ್ದೇ ಎಣ್ಣಿ. ಈಗ ಅಂಗಡಿ ಮುಂದೆ ಹಾಯೋರು ಹೊಟ್ಟಿ ಹಿಡ್ಕಂಡು ಓಡಿದಂಗೆ ಮಾಡಿ ನಗ್ತಾರ್ರೀ. ಹತ್ತು ದಿನ ಆತು, ಗಾಣದ ಎತ್ತು ಕೊಟ್ಟಿಗ್ಯಾಗೇ ಐತಿ. ಯಾರೋ ಓದಿದೋರು ಹಂಗಂದ್ರಂತೆ. ನೀವೂ ಓದಿದೋರದೀರಿ. ಪರೀಕ್ಷೆ ಮಾಡ್ರಿ. ಬೆರಕಿ ಇದ್ರೆ ಗಾಣ ಮುಚ್ತೀನಿ."

ಆ ಓದಿದವರು ಯಾರು ಎಂದು ಅವರಿಗೆ ಗೊತ್ತಿಲ್ಲ ಎಂದುಕೊಂಡೆ. ನಾನೂ ಹೇಳಲಿಲ್ಲ. ಧೈರ್ಯ ಎಂಬುದು ಎಂ.ಎಸ್ಸಿ. ಪಠ್ಯದಲ್ಲಿ ಇರಲಿಲ್ಲ ನೋಡಿ.

ಎಣ್ಣೆ, ಕೊಬ್ಬುಗಳ ಬೆರಕೆಯನ್ನು ಹಿಡಿಯಲು ತೆಳುಪದರ ಕ್ರೊಮೆಟೋಗ್ರಫಿ ಎಂಬ ಉಪಾಯವಿದೆ. ಹೆಸರಿಗೆ ಹೆದರಬೇಡಿ. ಸಿಲಿಕಾ ಪುಡಿಯನ್ನು ನೀರಿನಲ್ಲಿ ಕಲಸಿ, ಗಾಜಿನ ಹಲಗೆಯ ಮೇಲೆ ತೆಳ್ಳಗೆ ಎಳೆದು ಒಣಗಿಸಬೇಕು. ಕೆಳತುದಿಯಲ್ಲಿ ಎಣ್ಣೆಗಳ ಸಣ್ಣ ಚುಕ್ಕೆಗಳನ್ನಿಟ್ಟು, ಈಥರು ಎಂಬ ದ್ರವ ಹಾಕಿದ ಜಾಡಿಯೊಳಗೆ ನಿಲ್ಲಿಸಬೇಕು. ದೀಪದ ಬತ್ತಿ ಎಣ್ಣೆಯನ್ನು ಹೀರಿದಂತೆ ಆ ಪದರ ಈಥರನ್ನು ಮೇಲಕ್ಕೆ ಹೀರುತ್ತದೆ. ಅದರ ಹಿಂದೆ ಎಣ್ಣೆಯೂ ಓಡುತ್ತದೆ. ಶೇಂಗಾ ಎಣ್ಣೆ ಹಗುರ ಕಾಲಿನದು, ಮೇಲೆ ಹೋಗುತ್ತದೆ. ಹರಳೆಣ್ಣೆಗೆ ಸಿಲಿಕಾದ ಮೇಲೆ ಮೋಹ ಜಾಸ್ತಿ, ಕೆಳಗೇ ಅಂಟಿಕೊಂಡು ಕೂರುತ್ತದೆ.

ನಿಶ್ಚಿತಾರ್ಥದ ಎಣ್ಣೆ ಡಬ್ಬಿಯ ತಳದಲ್ಲಿ ಇನ್ನೂ ಉಳಿದಿತ್ತು. ಡಬ್ಬಿ ದೊಡ್ಡಪ್ಪನ ವಶದಲ್ಲಿತ್ತು. ಸಾಕ್ಷ್ಯವನ್ನು ಅವರು ಸೊರಬದ ಗಡಿ ದಾಟಿಸಲು ಒಪ್ಪಲಿಲ್ಲ. ಹಾಗಾಗಿ ಈಥರು, ಅಯೋಡಿನ್ನಿನ ಬಾಟಲಿಗಳನ್ನು ಚೀಲಕ್ಕೆ ಹಾಕಿ, ಎರಡು ಗಾಜಿನ ಹಲಗೆಗಳನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ನಾನೇ ಬಸ್ಸು ಹತ್ತಿದೆ. ಅದೇ ಕಂಡಕ್ಟರು. ಚೌಕವಾದ ಗಂಟನ್ನು ನೋಡಿ ದನಿ ತಗ್ಗಿಸಿ, "ಯಾರ ಫೋಟೋ ಸಾ? ಆವತ್ತಿನೋರಲ್ಲಿ ಯಾರಾದ್ರೂ ಹೋದ್ರಾ?" ಎಂದ.

ಜಗಲಿಯಲ್ಲಿ ಗಂಟು ಬಿಚ್ಚಿದಾಗ ದೊಡ್ಡಮ್ಮ ಬಗ್ಗಿ ನೋಡಿ, "ಎಂತದು ಮಾರಾಯ, ಗಾಜಿನ ಮೇಲೆ ದೋಸೆ ಹೊಯ್ಕಂಡು ಬಂದಿದೀಯ?" ಎಂದರು. ಈಥರಿಗೆ ಬೆಂಕಿ ಆಗದು ಎಂದು ದೊಡ್ಡಪ್ಪನ ಬೀಡಿ ಆರಿಸಿದೆ. ಅವರ ಬೀಡಿ ಆರಿಸಿದ ಮೊದಲ ಮನುಷ್ಯ ನಾನೇ.

ಎರಡು ಚುಕ್ಕೆ ಇಟ್ಟೆ. ಒಂದು ಡಬ್ಬಿಯ ಎಣ್ಣೆ, ಇನ್ನೊಂದು ದೊಡ್ಡಮ್ಮನ ಶೀಶೆಯಿಂದ ಪಡೆದ ಹರಳೆಣ್ಣೆ. ಹಲಗೆಯನ್ನು ಉಪ್ಪಿನಕಾಯಿ ಜಾಡಿಗೆ ಇಳಿಸಿದ ಮೇಲೆ ಅರ್ಧ ಗಂಟೆ ಐವರೂ ಅದನ್ನೇ ದಿಟ್ಟಿಸಿದೆವು.

"ಏನೂ ಕಾಣ್ತಿಲ್ವಲ್ಲ?" ಎಂದರು ದೊಡ್ಡಪ್ಪ.

"ಅಯೋಡಿನ್ ಹೊಗೆ ತಾಗಿದ್ಮೇಲೆ ಕಾಣೋದು, ದೊಡ್ಡಪ್ಪ."

ಹಲಗೆಯನ್ನು ಅಯೋಡಿನ್ ಹರಳುಗಳಿದ್ದ ಅಗಲ ಬಾಯಿಯ ಬಾಟಲಿಗೆ ಇಳಿಸಿದೆ. ಬಿಳಿ ದೋಸೆಯ ಮೇಲೆ ಕಂದು ಚುಕ್ಕೆಗಳು ಮೆಲ್ಲಗೆ ಮೂಡಿದವು. ಬಾಷಾ ಸಾಬರ ಎಣ್ಣೆ ಮೇಲೆ ಹೋಗಿ ನಿಂತಿತ್ತು. ಅದರ ದಾರಿಯಲ್ಲಿ ಕೆಳಗೆ ಒಂದು ಕಲೆಯೂ ಇಲ್ಲ. ಹರಳೆಣ್ಣೆ ಹೊರಟಲ್ಲಿಂದ ಸ್ವಲ್ಪವೇ ದೂರ ತೆವಳಿ ಕೂತಿತ್ತು.

"ಎಲಾ ಇದರ! ತಿಂದೋರನ್ನ ಕ್ಯಾಸನೂರು ಕಾಡಿನ ತನಕ ಓಡ್ಸತ್ತೆ, ತಾನು ಮಾತ್ರ ಓಡಕಾಗಲ್ಲ!" ಎಂದು ದೊಡ್ಡಮ್ಮ ನಕ್ಕರು. ಮರುಕ್ಷಣ ನಗು ನಿಂತಿತು. "ಅಲ್ಲ... ಇದು ಬೇಳೆಗೆ ಹಚ್ಚಿದ್ರೂ ತೋರಿಸ್ತದಾ?"

ಬೇಳೆಗೆ ಹುಳ ಬೀಳದಿರಲಿ ಎಂದು ಹರಳೆಣ್ಣೆ ಸವರಿಡುವುದು ನಮ್ಮ ಕಡೆಯ ಪದ್ಧತಿ. ಅಂಗೈಗೆ ಒಂದಿಷ್ಟು ಸಾಕು. ಉಳಿದಿದ್ದ ಬೇಳೆಯನ್ನು ತರಿಸಿ, ಒಂದು ಹಿಡಿಯನ್ನು ಈಥರಿನಲ್ಲಿ ತೊಳೆದು, ಆ ತೊಳೆದದ್ದನ್ನು ಎರಡನೆಯ ಹಲಗೆಯ ಮೇಲೆ ಓಡಿಸಿದೆ. ಹರಳೆಣ್ಣೆಯ ಮಟ್ಟದಲ್ಲೇ, ದಪ್ಪವಾಗಿ, ಕುಂಕುಮದ ಬೊಟ್ಟಿನಂಥ ಕಲೆ.

"ಅಷ್ಟೊಂದು ಬರಕ್ಕಿಲ್ಲ. ನಾನು ಹಚ್ಚಿದ್ದು ಒಂದೇ ಸಲ" ಎಂದರು ದೊಡ್ಡಮ್ಮ.

ಬಾಗಿಲಿನ ಆ ಪಕ್ಕದಿಂದ ಅತ್ತೆ ಮೂರು ತಿಂಗಳ ಮೌನ ಮುರಿದರು. "ನೀವೂ ಹಚ್ಚಿದ್ರಾ ಅತ್ತಿಗೆ?"

"ನೀನೂ ಹಚ್ಚಿದ್ಯೇನೇ?"

"ಎರಡು ಸಲ. ಈ ಮನೇಲಿ ಬೇಳೆ ಕಡೆ ನೋಡೋರೇ ಇಲ್ಲ ಅಂತ ಸಿಟ್ಟಲ್ಲಿ ಸ್ವಲ್ಪ ಜಾಸ್ತೀನೇ ಹಾಕ್ದೆ."

ಬೇಳೆ ತೊಳೆದರೂ ಬಿಡದ ಅಷ್ಟೂ ಎಣ್ಣೆ ಬೆಂದ ಮೇಲೆ ಬಿಟ್ಟುಕೊಂಡು, ಕಟ್ಟಿನಲ್ಲಿ ತೇಲಿ, ಬೀಗರು ಮೆಚ್ಚಿದ ಒಗ್ಗರಣೆಯಾಗಿತ್ತು.

ಬಾಷಾ ಸಾಬರು ಆಗ ಕೂತರು. ಟೋಪಿ ತೆಗೆದು ಮುಖ ಒರೆಸಿಕೊಂಡರು. ಹಲಗೆಯ ಕಲೆಗೆ ಬೆರಳು ತೋರಿಸಿ, "ಅಮ್ಮಾರೇ, ಆ ಹರಳೆಣ್ಣೀನೂ ನಮ್ ಗಾಣದ್ದೇ ಅಲ್ಲೇನ್ರಿ? ಅದೂ ಸುದ್ದ ಐತಿ ಅಂತ ಬಳ್ಳಿಗಾವಿ ಮಂದಿನೇ ಸಾಕ್ಷಿ ಹೇಳ್ಯಾರ ಬಿಡ್ರಿ" ಎಂದರು.

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. "ಆ ಮಾತು ಮೊದಲು ಆಡಿದೋನು ನಾನೇ, ಸಾಬರೇ" ಎಂದೆ. ಅವರು ತಲೆ ಎತ್ತಲಿಲ್ಲ. "ಗೊತ್ತೈತ್ರಿ ಮೇಷ್ಟ್ರೇ. ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಮುಂದಿನ ಸಂತೆಯ ದಿನ ದೊಡ್ಡಮ್ಮ, ಅತ್ತೆ ಇಬ್ಬರೂ ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಬಂದರು. ಗಾಣದಂಗಡಿಯ ಬೆಂಚಿನ ಮೇಲೆ ಕೂತು, ಹಾಯುವವರನ್ನೆಲ್ಲ ಕರೆದು, "ಬೇಳೆ ನಮ್ಮದು, ತಪ್ಪು ನಮ್ಮದು" ಎಂದು ಹೇಳಿದರು. ನಾನು ಕಾಲೇಜಿಗೆ ರಜೆ ಹಾಕಿ ಪಕ್ಕದಲ್ಲಿ ನಿಂತು, "ಸುದ್ದಿ ನಂದು" ಎಂದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಎಣ್ಣೆ ಖಾಲಿಯಾಯಿತು. ಬಾಷಾ ಸಾಬರು ಎದ್ದುಹೋಗಿ ಕೊಟ್ಟಿಗೆಯಿಂದ ಎತ್ತು ಬಿಚ್ಚಿ ತಂದು ಗಾಣಕ್ಕೆ ಕಟ್ಟಿದರು.