ಖಾಲಿ ದಾಜಿ

ಮೊನ್ನೆ ಸೊಲ್ಲಾಪುರದ ಪೇಟೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆಂದು ನಿಂತಿದ್ದೆ. ಅಂಗಡಿಯವನು ಪುಂಡಿ ನಾರಿನ ಸುರುಳಿಯೊಂದನ್ನು ಮುಂದಿಟ್ಟ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೊಣಕಾಲು ನಡುಗತೊಡಗಿದವು. ವಯಸ್ಸಿನ ನಡುಕ ಎಂದುಕೊಂಡೀರಿ, ಅಲ್ಲ. ಅದು ನನ್ನ ಇಪ್ಪತ್ತೆರಡನೆಯ ವರ್ಷದ್ದೇ ನಡುಕ.

ಐವತ್ತರ ದಶಕ ಅದು. ಅಕ್ಕಲಕೋಟೆ ಸೀಮೆಯ ನಮ್ಮೂರಲ್ಲಿ, ನಮ್ಮ ಮನೆಯ ಬೆನ್ನಿಗೇ ಹಳೆಯ ವಾಡೆಯ ಬುರುಜು. ಅದರ ಬಿರುಕಿನಲ್ಲಿ ಬಸರಿ ಗಿಡವೊಂದು ಬೇರು ಬಿಟ್ಟು ಕಲ್ಲು ಸಡಿಲಿಸುತ್ತಿತ್ತು. ಒಂದು ಕಲ್ಲು ಅಡುಗೆಮನೆಯ ಮಾಳಿಗೆಯ ಮೇಲೆ ಬಿದ್ದು, ರೊಟ್ಟಿ ಬಡಿಯುತ್ತಿದ್ದ ಅವ್ವನ ತಲೆ ತುಂಬ ಮಣ್ಣು ಉದುರಿತು. "ಇನ್ನೊಂದ ಬಿತ್ತಂದ್ರ ರೊಟ್ಟಿ ತಿನ್ನಾಕ ನೀವ ಇರ್ತೀರಿ, ಬಡಿಯಾಕ ನಾ ಇರಂಗಿಲ್ಲ" ಎಂದಳು. ಅವ್ವ ಹೆದರಿದಾಗಲೂ ಚುಚ್ಚಿಯೇ ಮಾತಾಡುವವಳು.

ಗಿಡ ಕೀಳೋಣವೆಂದರೆ ಬುರುಜಿನ ತಲೆ ಕುಸಿದಿತ್ತು, ಮೇಲಿನಿಂದ ಇಳಿಯುವಂತಿರಲಿಲ್ಲ. ಏಣಿ ಅರ್ಧಕ್ಕೂ ಮುಟ್ಟುತ್ತಿರಲಿಲ್ಲ. "ಭಾಳ ಸೋಪಾ ಐತಿ, ನಾ ಹತ್ತತೀನಿ" ಎಂದುಬಿಟ್ಟೆ. ಸುಲಭಕ್ಕೆ ನಾವು ಸೋಪಾ ಅನ್ನುತ್ತೇವೆ. ನೋಡಲು ಸೋಪಾ ಇತ್ತು, ನಿಜ: ಕಾಲಿಡಲು ಚಾಚಿದ ಕಲ್ಲು, ಕೈ ತೂರಿಸಲು ಬಿರುಕು. ನೆಲದ ಮೇಲೆ ನಿಂತಾಗ ನನ್ನಷ್ಟು ಧೀರ ಆ ತಾಲೂಕಿನಲ್ಲೇ ಇರಲಿಲ್ಲ.

ಹಗ್ಗ ಹಿಡಿಯಲು ಅಕ್ಕನ ಗಂಡ ಬಂದರು. ಅವರನ್ನು ನಾವು ದಾಜಿ ಅನ್ನುತ್ತಿದ್ದೆವು. ಸೊಲ್ಲಾಪುರದಲ್ಲಿ ಮರಾಠಿಯಲ್ಲೇ ಬೆಳೆದವರು. ಕನ್ನಡ ಕೇಳಿದರೆ ನಕ್ಕು ತಲೆಯಾಡಿಸುತ್ತಿದ್ದರು, ತಿಳಿಯಿತೋ ಇಲ್ಲವೋ ಆ ಶಿವನೇ ಬಲ್ಲ. ಪುಂಡಿ ನಾರಿನ ಬಾವಿ ಹಗ್ಗದ ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ಅವರ ಕೈಯಲ್ಲಿ. ಹತ್ತುತ್ತ ಹತ್ತುತ್ತ ಬಿರುಕಿಗೆ ಜಾಲಿ ಬೆಣೆ ಬಡಿದು, ತುಂಡು ಹಗ್ಗದ ಕುಣಿಕೆಯಿಂದ ನನ್ನ ಹಗ್ಗವನ್ನು ಅದಕ್ಕೆ ಸಿಕ್ಕಿಸಬೇಕು. ಜಾರಿದರೆ ಬೆಣೆ ಮತ್ತು ದಾಜಿ ಸೇರಿ ನನ್ನನ್ನು ಹಿಡಿಯಬೇಕು.

ಮೂರು ಬೆಣೆ ಸಲೀಸಾಗಿ ಆದವು. ಗಿಡ ಇನ್ನೇನು ಕೈಗೆ ಸಿಗಬೇಕು, ಅಲ್ಲಿ ಗೋಡೆ ಹೊಟ್ಟೆ ಬಿಟ್ಟುಕೊಂಡು ಮುಂದೆ ಬಂದಿತ್ತು. ಹಿಡಿಯಲು ಏನೂ ಇಲ್ಲ. ಕಡೆಯ ಬೆಣೆ ಪಾದದ ಕೆಳಗೆ ಉಳಿದಿದೆ. ಹಗ್ಗ ಬೇರೆ ಬಿಗಿಯಿತು. "ದಾಜೀ, ಹಗ್ಗ ಖಾಲಿ ಆತೇನ್ರಿ?" ಎಂದು ಕೂಗಿದೆ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ದಾಜಿ ಜಗ್ಗಿಯೇಬಿಟ್ಟರು! ಗೋಡೆಗೆ ಎದೆ ಉಜ್ಜಿಕೊಳ್ಳುತ್ತ ಬಂದು ಬೆಣೆಯ ಪಕ್ಕದ ಚಾಚುಗಲ್ಲಿನ ಮೇಲೆ ನಿಂತೆ.

"ಕೊಲ್ಲಾಕ ಹತ್ತೀರೇನ್ರಿ? ಮೊದಲ ಕನ್ನಡ ಕಲೀರಿ!" ಎಂದು ಅಲ್ಲಿಂದಲೇ ಒದರಿದೆ. ನೆರೆದ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ದಾಜಿಯೂ ನಕ್ಕರು, ಕಿವಿ ಮಾತ್ರ ಕೆಂಪಾಗಿದ್ದವು. ಉಸಿರು ತಿರುಗಿದ ಮೇಲೆ ಎಡಕ್ಕೊಂದು ಬಿರುಕು ಕಂಡಿತು. ಅದನ್ನು ಹಿಡಿದು ಹತ್ತಿ ಗಿಡವನ್ನು ಬೇರುಸಹಿತ ಕಿತ್ತೆ.

ಅಂದಿನಿಂದ ಅವರು ಊರಿಗೆಲ್ಲ ಖಾಲಿ ದಾಜಿ. ಮದುವೆಮನೆಗಳಲ್ಲಿ ಉಪ್ಪು ಖಾರ ಹಚ್ಚಿ ಆ ಕಥೆ ಹೇಳುತ್ತಿದ್ದವನು ನಾನೇ. ಕಥೆ ಶುರುವಾದರೆ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ಮಾತು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಹಗ್ಗ ಮುಗಿಯಿತೇ ಎಂದು ಕೇಳುವಾಗ, ಮುಗಿದಿರಲಪ್ಪಾ ದೇವರೇ ಎಂದು ಒಳಗೊಳಗೆ ಬೇಡುತ್ತಿದ್ದೆ. ನನಗೆ ಇಳಿಯಬೇಕಾಗಿತ್ತು. ಹಾಗೆಂದು ಹೇಳಲು ನಾಚಿಕೆ.

ಅಂಗಡಿಯಿಂದ ನೆಟ್ಟಗೆ ದಾಜಿಯ ಮನೆಗೆ ಹೋದೆ. ಅವರ ಕನ್ನಡ ಈಗ ನನ್ನದಕ್ಕಿಂತ ಚೊಕ್ಕ. "ದಾಜೀ, ಅವತ್ತ ನೀವು ಜಗ್ಗಿದ್ದ ಛಲೋ ಆತ್ರಿ. ನನಗ ಇಳೀಬೇಕಾಗಿತ್ತು" ಎಂದೆ. ಚಹಾ ಸೋಸುತ್ತಿದ್ದ ಅಕ್ಕನ ಕೈ ನಿಂತಿತು.

"ನೀ ಖಾಲಿ ಅಂದಿದ್ದ ನನಗ ಕೇಳಿಸೇ ಇರಲಿಲ್ಲೋ ತಮ್ಮಾ" ಎಂದರು ದಾಜಿ. "ನಿನ್ನ ಕಾಲ ನಡಗೂದು ಕಾಣಿಸ್ತು, ಜಗ್ಗಿದೆ."

"ಮತ್ತ ಇಷ್ಟ ವರ್ಷ ಯಾಕ ಸುಮ್ಮನಿದ್ರಿ?"

"ನಿಮ್ಮವ್ವ ಬಾಜೂಕ ನಿಂತಿದ್ಳು. ನಿಮ್ಮ ಮಗಾ ಅಂಜ್ಯಾನ ಅಂತ ಆಕಿಗೆ ಹೆಂಗ ಹೇಳ್ಲಿ?"

ಅಕ್ಕನಿಗೂ ಅವರು ಇದನ್ನು ಹೇಳಿರಲಿಲ್ಲ. ನಾನು ಅವಳೆದುರೇ ಅತ್ತುಬಿಟ್ಟೆ. ಬರುವ ತಿಂಗಳು ಅವರ ಮೊಮ್ಮಗಳ ಮದುವೆ. ಕಥೆಯನ್ನು ನಾನೇ ಹೇಳುತ್ತೇನೆ, ನನ್ನ ಕಾಲು ನಡುಗಿದ್ದರಿಂದ ಶುರುಮಾಡಿ.