ವಚ್ಚಕ್ಕ ಹಾಡಿದ ಒಂದೇ ಹಾಡು

ಆಗೆಲ್ಲ ನಮ್ಮ ಕಡೆ ಸಾವಿನ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಫೋನು ಇದ್ದದ್ದು ಒಂದೇ ಮನೆಯಲ್ಲಿ, ಅದೂ ವಾರದಲ್ಲಿ ನಾಲ್ಕು ದಿನ ಕೆಟ್ಟಿರುತ್ತಿತ್ತು. ರಾಮದುರ್ಗದಲ್ಲೋ ಸವದತ್ತಿಯಲ್ಲೋ ಬಳಗದವರು ತೀರಿಕೊಂಡರೆ ಅಲ್ಲಿಂದ ಒಬ್ಬ ಮನುಷ್ಯ ಬಸ್ಸು ಹತ್ತಿ ಬರುತ್ತಿದ್ದ. ಬಂದವನು ಒಳಗೆ ಕಾಲಿಡುತ್ತಿರಲಿಲ್ಲ, ನೀರು ಕೇಳುತ್ತಿರಲಿಲ್ಲ. ಅಂಗಳದಲ್ಲಿ ಚಪ್ಪಲಿ ಬಿಟ್ಟು, ನಿಂತೇ ಹೇಳಿ ಹೋಗುತ್ತಿದ್ದ. ಕೇಳಿದವರು ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಸುರುವಿಕೊಳ್ಳಬೇಕು. ಅಲ್ಲಿಂದ ಸೂತಕ. ಹತ್ತು ದಿನ ಪೂಜೆಯಿಲ್ಲ, ಹಬ್ಬವಿಲ್ಲ, ಹಾಡಿಲ್ಲ.

ನಮ್ಮದು ಪೌರೋಹಿತ್ಯದ ಮನೆತನ, ಹಾಗಾಗಿ ಇದರಲ್ಲಿ ರಿಯಾಯಿತಿ ಎಂಬುದಿರಲಿಲ್ಲ. ಆದರೆ ಶಾಸ್ತ್ರದಲ್ಲೇ ಒಂದು ಸಂದು ಇತ್ತು. ಸುದ್ದಿ ಕಿವಿಗೆ ಬೀಳುವ ತನಕ ಸೂತಕ ತಾಗುವುದಿಲ್ಲ. ನಾನು ಹತ್ತು ವರ್ಷದವಳಿದ್ದಾಗ ಆ ಸಂದಿನಲ್ಲಿ ನನ್ನ ಅಕ್ಕನ ಬದುಕು ಸಿಕ್ಕಿಕೊಂಡಿತು. ಅಕ್ಕ ಹೋಗಿ ಈಗ ಎರಡು ತಿಂಗಳಾಯಿತು. ಬರೆಯದೆ ಇರಲು ಆಗುತ್ತಿಲ್ಲ.

ಅಕ್ಕನ ಹೆಸರು ವತ್ಸಲಾ, ನನಗೆ ವಚ್ಚಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ಅವಳು ಬಾವಿಕಟ್ಟೆಯಲ್ಲಿ ಕೊಡ ತುಂಬುತ್ತ ಗುನುಗಿದರೂ ಹಾದು ಹೋಗುವವರು ಕಾಲು ನಿಧಾನ ಮಾಡುತ್ತಿದ್ದರು. ಅವಳ ದನಿಯನ್ನು ಕಂಡುಹಿಡಿದವರು ರೂತ್ ಅಕ್ಕೋರು. ಬೆಳಗಾವಿಯ ಶಾಲೆಯೊಂದರಲ್ಲಿ ಪಿಯಾನೋ ಕಲಿಸಿ ನಿವೃತ್ತರಾಗಿ, ಬೈಲಹೊಂಗಲದ ತಮ್ಮ ತವರುಮನೆಗೆ ಬಂದಿದ್ದರು. ಜೊತೆಗೆ ಪಿಯಾನೋ ಕೂಡ ಬಂತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡಬ್ಬಿಯಲ್ಲಿ, ಕಬ್ಬಿನ ಒಣಗರಿಯ ರವದಿ ಹಾಸಿಗೆಯ ಮೇಲೆ, ನಾಲ್ಕು ಕಡೆ ಹಗ್ಗ ಬಿಗಿದುಕೊಂಡು ಬಂತು. ಓಣಿಯೆಲ್ಲ ಹೊರಗೆ ನಿಂತು ನೋಡಿದೆವು.

"ಕಪಾಟ ಏನ್ರಿ ಅಕ್ಕೋರ ಇದು?" ಎಂದ ಟ್ರ್ಯಾಕ್ಟರಿನವನು.

"ಕಪಾಟಲ್ಲಪಾ, ಬಾರಿಸೋ ಪೇಟಿ."

"ಅಬ್ಬಬ್ಬಾ! ಇದನ್ನ ಬಾರಸಾಕ ಎಷ್ಟ ಮಂದಿ ಬೇಕಾಗ್ತೈತ್ರಿ?"

"ನಾ ಒಬ್ಬಾಕಿ ಸಾಕು. ನೀವು ಇಳಸೂ ಮುಂದ ಬೀಳಸಬ್ಯಾಡ್ರಿ, ಅಷ್ಟ ಮಾಡ್ರಿ."

ಅದು ನನಗೆ ಎಂಟು ವರ್ಷವಿದ್ದಾಗಿನ ಮಾತು. ಅಂದಿನಿಂದ ವಚ್ಚಕ್ಕ ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದಳು, ನಾನು ಅವಳ ಬಾಲ. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರು. ಮೊದಲಿಗೆ ಬೇಡವೆಂದರು, ಆಮೇಲೆ ಒಂದು ಸಂಜೆ ಅಕ್ಕೋರ ಕಟ್ಟೆಯ ಮೇಲೆ ಕೂತು ಹಾಡು ಕೇಳಿ ಬಂದು ಸುಮ್ಮನಾದರು. ನಾನು ಪಿಯಾನೋದ ಬದಿಯಲ್ಲಿ ನೆಲದ ಮೇಲೆ ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದೆ. ಕಟ್ಟಿಗೆಯಿಂದ, ನುಸಿಗೆಂದು ಇಟ್ಟ ಡಾಂಬರುಗುಳಿಗೆಯ ವಾಸನೆ ಬರುತ್ತಿತ್ತು, ಕಿಟಕಿಯಿಂದ ಗಾಣದ ಬೆಲ್ಲದ ವಾಸನೆ. ಅಕ್ಕೋರು ತಾಟಿನಲ್ಲಿ ಕೇಕು ತಂದಿಟ್ಟು, "ತತ್ತಿ ಹಾಕಿಲ್ಲವಾ, ನಿಮ್ಮ ಅಜ್ಜಿಗೆ ಹೇಳು" ಎನ್ನುತ್ತಿದ್ದರು. ತತ್ತಿ ಹಾಕಿದ್ದರೂ ನಾನು ತಿನ್ನುತ್ತಿದ್ದೆ.

ಅವರು ಕಲಿಸುತ್ತಿದ್ದದ್ದು ನಮ್ಮ ಕಡೆಯ ಹಾಡಲ್ಲ. ದೂರದ ದೇಶದಲ್ಲಿ, ಒಬ್ಬರ ಕಂಠ ಮತ್ತು ಒಂದು ಪಿಯಾನೋಗೆಂದೇ ಕಟ್ಟಿದ ಸಣ್ಣ ಸಣ್ಣ ಹಾಡುಗಳು. "ನಿಮ್ಮ ಭಜನಿ ಪೇಟಿ ಹಾಡಿನ ಬೆನ್ನ ಹಿಂದ ಬರ್ತೈತಿ. ಇದು ಹಂಗಲ್ಲ, ಬಾಜೂಕ ನಡೀತೈತಿ. ನೀ ಬಿಟ್ಟಲ್ಲಿ ಇದು ಮಾತಾಡ್ತೈತಿ, ಇದು ಬಿಟ್ಟಲ್ಲಿ ನೀನು" ಎಂದು ಅಕ್ಕೋರು ಹೇಳಿಕೊಟ್ಟಿದ್ದರು. ಜರ್ಮನ್ ಮಾತುಗಳನ್ನು ವಚ್ಚಕ್ಕ ಕನ್ನಡ ಅಕ್ಷರದಲ್ಲಿ ವಹಿಯಲ್ಲಿ ಬರೆದುಕೊಂಡಿದ್ದಳು, ಪ್ರತಿ ಸಾಲಿನ ಕೆಳಗೆ ಅದರ ಅರ್ಥ. ಅವ್ವನಿಗೆ ಆ ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೂ ವಚ್ಚಕ್ಕ ಮನೆಯಲ್ಲಿ ಹಾಡಿಕೊಂಡರೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು.

ನನಗೆ ಹತ್ತಾದ ವರ್ಷದ ಚಳಿಗಾಲದಲ್ಲಿ ಅಕ್ಕೋರ ಹಳೆಯ ಗೆಳತಿಯೊಬ್ಬರು ಪುಣೆಯಿಂದ ಬೆಳಗಾವಿಗೆ ಬರುವವರಿದ್ದರು. ಸಂಗೀತ ಶಾಲೆ ನಡೆಸುತ್ತಿದ್ದವರು. ಒಂದು ರವಿವಾರ ಬೈಲಹೊಂಗಲಕ್ಕೆ ಬಂದು ವಚ್ಚಕ್ಕನ ನಾಲ್ಕು ಹಾಡು ಕೇಳಲು ಒಪ್ಪಿದರು. ಮನಸ್ಸಿಗೆ ಬಂದರೆ ಅವಳನ್ನು ತಮ್ಮ ಶಾಲೆಗೆ ಸೇರಿಸಿಕೊಂಡು, ಇರಲು ಜಾಗವನ್ನೂ ಕೊಡುವವರು. ಅಂದು ಸಂಜೆಯೇ ಅವರು ವಾಪಸು ಹೊರಡಬೇಕು. ಆ ವರ್ಷಕ್ಕೆ ಹುಡುಗಿಯರನ್ನು ಆರಿಸುವುದು ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕನಿಗೆ ಆಗಲೇ ಎರಡು ಕಡೆಯಿಂದ ಜಾತಕ ಕೇಳಿ ಬಂದಿದ್ದವು. "ಆ ಬಾಯಾರು ಹೂಂ ಅಂದ್ರ ಮೂರ ವರ್ಷ ಜಾತಕ ತಗಿಯೂದಿಲ್ಲ. ಇಲ್ಲಂದ್ರ ಈ ವೈಶಾಖದಾಗ ಮದಿವಿ" ಎಂದು ಅಪ್ಪ ಮಾತು ಕೊಟ್ಟಿದ್ದರು.

ಶನಿವಾರ ಮುಂಜಾನೆ ವಚ್ಚಕ್ಕ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

"ನೀ ಪುಣೇಕ ಹೋದ್ರ ನನಗ ಎಣ್ಣಿ ಯಾರ ಹಚ್ಚತಾರ?" ಎಂದೆ.

"ಕೈ ಇಲ್ಲೇನ ನಿನಗ? ಹಚ್ಕೊ."

"ಲೆಕ್ಕ ಯಾರ ಹೇಳಿಕೊಡತಾರ?"

"ಅಪ್ಪ ಇದ್ದಾರಲ್ಲ." ನನ್ನ ಜಡೆ ಜಗ್ಗಿ ನಕ್ಕಳು. "ಗ್ವಾಡ್ಯಾಗಿನ ನನ್ನ ಗೂಡು ನೀ ತಗೋ ಸುಮೀ. ಬಳಿ ಡಬ್ಬಿ ಸುದ್ದಾ ನಿನಗ."

ಅವಳು ಅಷ್ಟು ಸಲೀಸಾಗಿ ಗೂಡು ಬಿಟ್ಟುಕೊಟ್ಟದ್ದು ನನಗೆ ಸೇರಲಿಲ್ಲ. ಇಡೀ ದಿನ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ರವಿವಾರ ಕಾರ್ಯಕ್ರಮ ನಾಲ್ಕು ಗಂಟೆಗೆ, ಹೆಣ್ಣುಮಕ್ಕಳ ಶಾಲೆಯ ಹಾಲ್‌ನಲ್ಲಿ. ಪಿಯಾನೋ ಮತ್ತೆ ಟ್ರ್ಯಾಕ್ಟರ್ ಹತ್ತಿ ಅಲ್ಲಿಗೆ ಹೋಗಿತ್ತು. ಅವ್ವ ಮತ್ತು ವಚ್ಚಕ್ಕ ಮುಂಜಾನೆಯೇ ಹೋಗಿದ್ದರು. ಅಪ್ಪ ಊಟ ಮಾಡಿ ಒಳಗೆ ಅಡ್ಡಾಗಿದ್ದರು. ಅಜ್ಜಿ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದಳು. ಆಗ ಅಂಗಳಕ್ಕೆ ಗುಂಡಣ್ಣ ಬಂದು ನಿಂತ. ರಾಮದುರ್ಗದಲ್ಲಿ ನಮ್ಮ ಭೀಮು ಕಾಕಾನ ನೆರೆಮನೆಯ ರೈತ. ಭೀಮು ಕಾಕಾ ಅಪ್ಪನಿಗೆ ದಾಯಾದಿ. ಗುಡಿಯ ಪೂಜೆಯ ಪಾಳಿಯ ಸಲುವಾಗಿ ಎರಡೂ ಮನೆಗೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ನಾನು ಅವರ ಮುಖ ನೋಡಿದವಳಲ್ಲ.

ಗುಂಡಣ್ಣ ಚಪ್ಪಲಿ ಬಿಟ್ಟದ್ದನ್ನು ನೋಡಿದ್ದೇ ಅಜ್ಜಿ ಎರಡೂ ಕೈ ಕಿವಿಗೆ ಒತ್ತಿಕೊಂಡಳು.

"ಅಲ್ಲೇ ನಿಂದರು. ಬಾಯಿ ತಗೀಬ್ಯಾಡ."

"ಅಲ್ರಿ ಅಮ್ಮಾರ, ನಾ ಯಾಕ ಬಂದೇನಿ ಅಂದ್ರ..."

"ಯಾಕ ಬಂದಿ ಅಂತ ನಾ ಕೇಳಿಲ್ಲ, ನೀ ಹೇಳಿಲ್ಲ. ಮಾರುತಿ ಗುಡ್ಯಾಗ ಹೋಗಿ ಕೂಡು. ಐದರ ಮ್ಯಾಲ ಬಂದು ಏನ ಹೇಳ್ತೀ ಹೇಳು, ಬಡಕೊಂಡ ಹೇಳು."

"ಐದಕ್ಕ ನನ್ನ ಬಸ್ ಐತ್ರಿ."

"ನಾಳೆ ಹೋಗು. ಉಪ್ಪಿಟ್ಟು ಕಳಸ್ತೇನಿ. ನಮ್ಮ ಹುಡುಗಿ ಇವತ್ತ ಹಾಡೂದದ, ತಿಳೀತ?"

ಗುಂಡಣ್ಣ ತಲೆ ಕೆರೆದುಕೊಂಡು ಹೋದ. ಅಜ್ಜಿ ನನ್ನ ಕಡೆ ತಿರುಗಿ, "ನೀ ಯಾರನ್ನೂ ನೋಡಿಲ್ಲ" ಎಂದಳು. ಜನ್ಮವಿಡೀ ಮಡಿ ಮಡಿ ಎಂದು ನಮ್ಮನ್ನು ಮಾರು ದೂರ ನಿಲ್ಲಿಸಿದ ಅಜ್ಜಿ ಅದು. ಮೊಮ್ಮಗಳ ನಾಲ್ಕು ಹಾಡಿಗಾಗಿ ಸಾವನ್ನು ಗುಡಿಯಲ್ಲಿ ಕೂಡಿಸಿದಳು.

ಉಪ್ಪಿಟ್ಟು ಒಯ್ದವಳು ನಾನೇ. ಗುಂಡಣ್ಣ ಗುಡಿಯ ಕಂಬಕ್ಕೆ ಒರಗಿ ತಿನ್ನುತ್ತ, "ಭೀಮಾಚಾರ್ರು ನಿನ್ನಿ ತೀರಕೊಂಡ್ರವಾ. ಹೇಳಾಕ ಬಂದ್ರ ನಿಮ್ಮ ಅಜ್ಜಿ ನನ್ನ ಇಲ್ಲಿ ಕುಂದರಿಸ್ಯಾಳ. ನೀ ಮತ್ತ ಮನ್ಯಾಗ ಹೇಳಬ್ಯಾಡ" ಎಂದ. ನಾನು ಇಲ್ಲವೆಂದು ತಲೆಯಾಡಿಸಿದೆ.

ಮನೆಗೆ ಬಂದಾಗ ಮೂರೂವರೆ. ಅಪ್ಪ ಹೊಸ ಧೋತರ ಉಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಶಾಲೆಯ ಮಾಸ್ತರರನ್ನೆಲ್ಲ ಕರೆದಿದ್ದರು. ಅವರು ಅಷ್ಟು ಹುರುಪಿನಲ್ಲಿ ಇದ್ದದ್ದನ್ನು ನಾನು ನೋಡಿರಲಿಲ್ಲ.

"ಸುಮೀ, ಹಿಂದ ಧೋತರ ಸರಿ ಬಂದದ ಏನ ನೋಡು."

ನೋಡಿದೆ. ಸರಿಯಾಗಿತ್ತು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನಾಲಿಗೆ ಜಾರಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಜಾರಿರಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಪುರೋಹಿತರ ಮನೆಯ ಹತ್ತು ವರ್ಷದ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು.

"ಅಪ್ಪಾ, ರಾಮದುರ್ಗದ ಭೀಮು ಕಾಕಾ ತೀರಿಕೊಂಡಾರಂತ. ಗುಂಡಣ್ಣ ಗುಡ್ಯಾಗ ಕೂತಾನ."

ಅಪ್ಪ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ, ಆ ಹೊಸ ಧೋತರದ ಸಮೇತ ತಲೆಯ ಮೇಲೆ ಎರಡು ಕೊಡ ನೀರು ಸುರುವಿಕೊಂಡರು. ನೀರಿನ ಸಪ್ಪಳ ಕೇಳಿ ಅಜ್ಜಿ ಕಟ್ಟೆಯ ಮೇಲೆ ಹಣೆ ಬಡಿದುಕೊಂಡಳು.

ಅಪ್ಪ ಹಾಗೇ ಶಾಲೆಗೆ ನಡೆದರು, ನಾನು ಹಿಂದೆ. ನಾವು ಮುಟ್ಟುವಾಗ ಮೊದಲ ಹಾಡು ಶುರುವಾಗಿತ್ತು. ಅಪ್ಪ ಒಳಗೆ ಹೋಗಲಿಲ್ಲ. ಬಾಗಿಲ ಹೊರಗೆ, ಯಾರಿಗೂ ತಾಗದಂತೆ ನಿಂತರು. ಧೋತರದಿಂದ ನೀರು ಇಳಿದು ಪಾವಟಿಗೆಯ ಮೇಲೆ ಹರಿಯುತ್ತಿತ್ತು. ಕೂಗಬಹುದಿತ್ತು, ಕೂಗಲಿಲ್ಲ. ಹಾಡು ಮುಗಿಯುವ ತನಕ ನಿಂತರು. ಸೂತಕದಲ್ಲಿ ಆ ಹಾಡು ಕೇಳಿದ್ದೊಂದೇ ಅವರು ತಮ್ಮ ಬದುಕಿನಲ್ಲಿ ಮಾಡಿದ ಶಾಸ್ತ್ರದ ತಪ್ಪು ಎಂದು ನನಗನ್ನಿಸುತ್ತದೆ.

ವಚ್ಚಕ್ಕ ಆಕಾಶಬಣ್ಣದ ಸೀರೆ ಉಟ್ಟು ಪಿಯಾನೋದ ಪಕ್ಕ ನಿಂತಿದ್ದಳು. ಕೈ ಎಲ್ಲಿಡಬೇಕು ತಿಳಿಯದೆ ಒಂದರೊಳಗೊಂದು ಹಿಡಿದುಕೊಂಡಿದ್ದಳು. ದನಿ ಮಾತ್ರ ಎಲ್ಲಿಯೂ ನಡುಗಲಿಲ್ಲ. ಕೊನೆಯ ಸಾಲಿನಲ್ಲಿ ಪಿಯಾನೋ ನಿಂತಿತು, ಅವಳ ದನಿಯೊಂದೇ ಉಳಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಪುಣೆಯ ಬಾಯಾರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಚಪ್ಪಾಳೆ ಬಿತ್ತು. ಆಗ ವಚ್ಚಕ್ಕ ಬಾಗಿಲ ಕಡೆ ನೋಡಿದಳು. ತೊಯ್ದ ಬಟ್ಟೆಯಲ್ಲಿ ನಿಂತ ಅಪ್ಪನನ್ನು ಕಂಡ ಮೇಲೆ ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ವಹಿ ಮುಚ್ಚಿ ಕೆಳಗಿಳಿದು ಬಂದಳು.

ರೂತ್ ಅಕ್ಕೋರು ಬಾಗಿಲಿಗೆ ಓಡಿ ಬಂದರು. "ಮಾಸ್ತರ, ಇನ್ನ ಮೂರ ಹಾಡ ಅದಾವ್ರಿ. ಅರ್ಧಾ ತಾಸು. ನಿಮ್ಮ ಕಾಲ ಬೀಳ್ತೇನಿ."

"ನನ್ನ ಕೈಯಾಗ ಏನದರಿ ಅಕ್ಕೋರ?"

"ಸತ್ತವರಿಗೆ ಅವಸರ ಇಲ್ರಿ ಮಾಸ್ತರ. ಅವಸರ ಇರೂದು ಈಕೀಗೆ."

ಅಪ್ಪ ಪಾವಟಿಗೆ ಇಳಿದರು. ನಾವು ಹೊರಟೆವು. ಗೇಟು ದಾಟುವಾಗ ಒಳಗೆ ಪಿಯಾನೋ ಮತ್ತೆ ಕೇಳಿಸಿತು. ಅಕ್ಕೋರು ಎರಡನೆಯ ಹಾಡನ್ನು ಒಬ್ಬರೇ ಬಾರಿಸುತ್ತಿದ್ದರು. ವಚ್ಚಕ್ಕ ಹಾಡಬೇಕಾದ ಕಡೆ ಬರೀ ಖಾಲಿ. ನನ್ನ ಮುಂದೆ ನಡೆಯುತ್ತಿದ್ದ ಅವಳು ನಿಲ್ಲಲಿಲ್ಲ, ಹಿಂದೆ ನೋಡಲೂ ಇಲ್ಲ.

ಅಪ್ಪ ಮನೆಯಲ್ಲಿ "ಗುಂಡ್ಯಾನಿಂದ ತಿಳೀತು" ಎಂದಷ್ಟೇ ಹೇಳಿದರು, ನನ್ನ ಹೆಸರು ಎತ್ತಲಿಲ್ಲ. ಅದು ಕರುಣೆಯೋ, ಯಾರು ಹೇಳಿದರೇನು ಎಂಬ ಉದಾಸೀನವೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅಜ್ಜಿ ಗುಂಡಣ್ಣನಿಗೆ ಹಿಡಿಶಾಪ ಹಾಕಿದಳು. ಮುಂದೊಮ್ಮೆ ಅವನು ಹಸಿ ಶೇಂಗಾ ಹೊತ್ತು ತಂದಾಗಲೂ ಒಂದು ತಂಬಿಗೆ ನೀರು ಕೊಡಲಿಲ್ಲ. ನಾನು ಬಾಗಿಲ ಹಿಂದೆ ನಿಂತು ನೋಡಿದೆ.

ವೈಶಾಖದಲ್ಲಿ ವಚ್ಚಕ್ಕನಿಗೆ ಮನೋಳಿಯಲ್ಲಿ ಮದುವೆಯಾಯಿತು. ಗಂಡ ಕೆಟ್ಟವನಲ್ಲ. ಆದರೆ ಅವಳು ಆಮೇಲೆ ಆರತಿಯ ಹಾಡಿಗೂ ಬಾಯಿ ತೆರೆಯಲಿಲ್ಲ. ಗೂಡು, ಬಳೆ ಡಬ್ಬಿ ಎರಡೂ ನನಗೇ ಬಂದವು.

ಈ ವರ್ಷ ಅವಳು ಆಸ್ಪತ್ರೆಯಲ್ಲಿ ಮಲಗಿದಾಗ ನಾನು ವಾರವಿಡೀ ಪಕ್ಕದಲ್ಲಿದ್ದೆ. ಒಂದು ಮಧ್ಯಾಹ್ನ, ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದಳು. "ಅವತ್ತ ಅಪ್ಪಗ ಯಾರ ಹೇಳಿದ್ರ ಸುಮೀ?"

"ಗುಂಡಣ್ಣ" ಎಂದೆ.

"ಹೂಂ" ಎಂದು ಗೋಡೆಯ ಕಡೆ ಹೊರಳಿದಳು. ನಾಲ್ಕು ದಿನದ ಮೇಲೆ ಹೋದಳು.

ಸುದ್ದಿ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಫೋನಿಗೆ ಬಂತು. ಈಗ ಯಾರೂ ಯಾರ ಕಿವಿಯನ್ನೂ ಮುಚ್ಚಲಾರರು. ನನ್ನ ಅತ್ತೆ ಪಂಚಾಂಗದವರನ್ನು ಕೇಳಿ, "ಲಗ್ನಾದ ಅಕ್ಕ-ತಂಗೀಗೆ ಒಂದೂವರಿ ದಿನ ಅಷ್ಟ. ನಾಳೆ ಸಂಜೀಗೆ ಒಲೀ ಮುಂದ ಬರಬಹುದು" ಎಂದರು. ಮುಖ ನೋಡದ ಭೀಮು ಕಾಕಾನಿಗೆ ನಾನು ಹತ್ತು ದಿನ ಕೂತಿದ್ದೆ. ವಚ್ಚಕ್ಕನಿಗೆ ಒಂದೂವರೆ ದಿನ. ಅವಳ ದನಿ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಅಪ್ಪ, ಅವ್ವ, ಅಜ್ಜಿ, ಅಕ್ಕೋರು ಒಬ್ಬರೂ ಉಳಿದಿಲ್ಲ. ನಮ್ಮ ಮನೆಯಲ್ಲಿ ಆ ದನಿ ಕೇಳಿದವಳು ನಾನೊಬ್ಬಳೇ ಇರುವುದು.

ಕಳೆದ ವಾರ ಮನೋಳಿಗೆ ಹೋಗಿದ್ದೆ. ಅವಳ ಮಗಳು ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತಳು.

"ಮಾವಶಿ, ಅವ್ವ ಹಾಡ್ತಿದ್ಲಂತ, ಹೌದೇನು?"

"ಹಾಡ್ತಿದ್ಲು."

"ಮತ್ತ ಯಾಕ ಬಿಟ್ಲು?"

"ಸೂತಕ ಬಂತು, ಅದಕ್ಕ."

ಹುಡುಗಿ ಬೆರಳು ಮಡಚಿ ಎಣಿಸಿದಳು. "ಸೂತಕ ಹತ್ತ ದಿನ ಅಲ್ಲೇನು? ಹನ್ನೊಂದನೇ ದಿನ ಹಾಡಬೇಕಿತ್ತು."

ನಾನು ಚಹಾ ಕುಡಿದೆ.